ತೇಲುವ ವೀರಗಲ್ಲು

ವೀರರ ಹೆಸರನ್ನು ಕಲ್ಲಿನಲ್ಲಿ ಬರೆದಿಡುವುದು ಕನ್ನಡ ನಾಡಿನಲ್ಲಿ ಬಹು ಪ್ರಾಚೀನವಾದ ಪದ್ಧತಿ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ಸೀಮೆಗಳಲ್ಲಿ ಸಂಚರಿಸುವವರಿಗೆ ಕೆರೆಯ ಏರಿಯ ಮೇಲೋ, ರಾಗಿಯ ಹೊಲದ ಬದುವಿನಲ್ಲೋ, ಊರಮುಂದಿನ ಗುಡಿಯ ಮಗ್ಗುಲಲ್ಲೋ ಅರ್ಧ ಹೂತುಹೋದ ಕಲ್ಲುಗಳು ಅಲ್ಲಲ್ಲಿ ಕಾಣಿಸುತ್ತವೆ. ಕೆಳಗಿನ ಅಂತಸ್ತಿನಲ್ಲಿ ಕತ್ತಿ ಹಿಡಿದು ಕಾದುತ್ತಿರುವ ಒಬ್ಬ ಯೋಧ. ನಡುವೆ ಅವನನ್ನು ಎತ್ತಿಕೊಂಡು ಹೋಗುತ್ತಿರುವ ಅಪ್ಸರೆಯರು. ಮೇಲೆ ಶಿವಲಿಂಗದ ಸನ್ನಿಧಿಯಲ್ಲಿ ಕುಳಿತ ಅದೇ ಯೋಧ. ತುದಿಯಲ್ಲಿ ಸೂರ್ಯಚಂದ್ರರು. ಸೂರ್ಯಚಂದ್ರರಿರುವವರೆಗೆ ಈತನ ಹೆಸರು ಉಳಿಯಲಿ ಎಂಬುದು ಅದರ ಅರ್ಥ. ಇವೇ ವೀರಗಲ್ಲುಗಳು.

ಈ ಕಲ್ಲುಗಳಲ್ಲಿ ನಮ್ಮ ನಾಡಿನ ಚರಿತ್ರೆ ಅಡಗಿದೆ. ಊರಿನ ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದ ಕಳ್ಳರನ್ನು ಅಡ್ಡಗಟ್ಟಿ ಮಡಿದವರು, ಊರಿನ ಹೆಂಗಸರ ಮಾನ ಕಾಯಲು ಪ್ರಾಣ ಕೊಟ್ಟವರು, ಒಡೆಯನಿಗಾಗಿ ಹೋರಾಡಿದವರು ಇಲ್ಲಿ ನಿಂತಿದ್ದಾರೆ. ಇವರಲ್ಲಿ ಹೆಚ್ಚಿನವರು ಅರಸರಲ್ಲ. ಸಾಮಾನ್ಯ ಒಕ್ಕಲು ಮಕ್ಕಳು. ಬೆಂಗಳೂರು ಎಂಬ ಊರಿನ ಹೆಸರು ಒಂಬತ್ತನೆಯ ಶತಮಾನದಷ್ಟು ಹಿಂದೆಯೇ ಬಳಕೆಯಲ್ಲಿತ್ತೆಂಬುದು ನಮಗೆ ತಿಳಿದುಬಂದದ್ದು ಬೇಗೂರಿನ ಒಂದು ವೀರಗಲ್ಲಿನಿಂದ. ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೆಯ ಶತಮಾನದ ಕಲ್ಲು ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯನ್ನು ಸ್ಮರಿಸುತ್ತದೆ. ಉಪಕಾರ ಮಾಡಿದ್ದು ನಾಯಿಯಾದರೂ ಅದರ ಹೆಸರನ್ನು ಮರೆಯಬಾರದೆಂಬ ಸಂಸ್ಕಾರ ನಮ್ಮ ಹಿರಿಯರಲ್ಲಿತ್ತು.

ಮುಂಬಯಿಯ ಬೊರಿವಲಿಯ ಸಮೀಪದಲ್ಲಿ ಎಕ್ಸಾರ್ ಎಂಬ ಸ್ಥಳವಿದೆ. ಅಲ್ಲಿಯ ವೀರಗಲ್ಲುಗಳಲ್ಲಿ ಒಂದು ವಿಶೇಷವುಂಟು. ಅವುಗಳಲ್ಲಿ ಕೆಲವು ಕಲ್ಲುಗಳ ಮೇಲೆ ಸಾಲುಸಾಲಾಗಿ ಹುಟ್ಟು ಹಾಕುತ್ತ ಸಾಗುವ ಹಡಗುಗಳನ್ನೂ, ಕಡಲಿನ ಮೇಲೆ ನಡೆದ ಕಾಳಗವನ್ನೂ ಕೆತ್ತಿದ್ದಾರೆ. ಗೋವೆಯ ಕದಂಬರ ಕಾಲದ ಕಲ್ಲೊಂದರಲ್ಲಿಯೂ ಇಂಥ ನೌಕಾಯುದ್ಧದ ಚಿತ್ರವಿದೆ. ಕಲ್ಲಿನ ಮೇಲೆ ಹಡಗನ್ನು ಕೆತ್ತುವುದು ಅಂದಿನ ರೀತಿ. ಇಂದಿನ ಕಾಲದಲ್ಲಿ ಹಡಗಿನ ಮೇಲೆಯೇ ವೀರನ ಹೆಸರನ್ನು ಬರೆಯುವ ರೀತಿ ಬಂದಿದೆ. ಹಾಗೆ ಹಡಗಿನ ಮೇಲೆ ಹೆಸರು ಪಡೆದ ಕರ್ನಾಟಕದ ಒಬ್ಬ ವೀರರ ಕಥೆಯನ್ನು ಹೇಳುವುದು ಈ ಪ್ರಬಂಧದ ಉದ್ದೇಶ.

ನಮ್ಮ ಈ ಬಯಲುಸೀಮೆಗೆ ಕಡಲಿಲ್ಲ. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟಿ ಗೌರಿಬಿದನೂರಿನ ಕಡೆಗೆ ಹರಿಯುವ ಉತ್ತರ ಪಿನಾಕಿನಿಯು ನೆಲ್ಲೂರಿನ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆಂದು ಭೂಗೋಳದಲ್ಲಿ ಓದುತ್ತೇವೆ. ಆದರೆ ಅದರ ಪಾತ್ರದಲ್ಲಿ ಹೆಚ್ಚಿನ ತಿಂಗಳುಗಳಲ್ಲಿ ನಾವು ಕಾಣುವುದು ಮರಳನ್ನು ಮಾತ್ರ. ಇಂಥ ನಾಡಿನಲ್ಲಿ ಹುಟ್ಟಿದವನಾದುದರಿಂದ ಹಡಗು ಎಂಬುದು ನನಗೆ ಬಹುಕಾಲ ಪುಸ್ತಕದ ಚಿತ್ರವೇ ಆಗಿತ್ತು. ಹಡಗುಗಳಿಗೂ ಮನುಷ್ಯರಂತೆ ಹೆಸರುಂಟೆಂಬುದು ತಿಳಿದ ಮೇಲೆ ನನಗೆ ಅವುಗಳ ವಿಷಯದಲ್ಲಿ ಆಸಕ್ತಿ ಬೆಳೆಯಿತು.

ನಮ್ಮ ದೇಶದಲ್ಲಿ ಯುದ್ಧನೌಕೆಗಳಿಗೆ ಸಾಮಾನ್ಯವಾಗಿ ನಗರ, ನದಿ, ಆಯುಧ ಮೊದಲಾದವುಗಳ ಹೆಸರನ್ನು ಇಡುತ್ತಾರೆ. 1957ರಲ್ಲಿ ಭಾರತದ ನೌಕಾಪಡೆಯನ್ನು ಸೇರಿದ ಒಂದು ದೊಡ್ಡ ನೌಕೆಗೆ ‘ಮೈಸೂರು’ ಎಂಬ ಹೆಸರಿತ್ತು. ಅದು 1985ರಲ್ಲಿ ಸೇವೆಯಿಂದ ಬಿಡುಗಡೆಯಾದ ಮೇಲೆ, 1999ರಲ್ಲಿ ಹೊಸದೊಂದು ನೌಕೆ ಅದೇ ಹೆಸರನ್ನು ಹೊತ್ತು ಸೇವೆಗೆ ಬಂದಿತು. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ಮನೆಗಳ ಪದ್ಧತಿಯೇ ಅಲ್ಲಿಯೂ ನಡೆಯುತ್ತದೆ. ‘ಖುಕ್ರಿ’ ಎಂಬ ಹೆಸರಿನ ಕಥೆಯಂತೂ ಹೃದಯವನ್ನು ಕಲಕುವಂಥದು. 1971ರ ಡಿಸೆಂಬರ್ 9ರ ರಾತ್ರಿ ದೀವ್ ತೀರದಾಚೆ ಶತ್ರುಗಳ ಜಲಾಂತರ್ಗಾಮಿ ನೌಕೆಯ ಹೊಡೆತಕ್ಕೆ ಸಿಕ್ಕಿ ಖುಕ್ರಿ ನೌಕೆ ಮುಳುಗಿತು. ಅದರ ನಾಯಕರಾಗಿದ್ದ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರು ತಮ್ಮ ಸಿಬ್ಬಂದಿಯನ್ನು ಪಾರುಮಾಡಲು ಶ್ರಮಿಸುತ್ತ ನೌಕೆಯೊಡನೆಯೇ ಜಲಸಮಾಧಿಯಾದರು. ಅವರೂ ಸೇರಿದಂತೆ 18 ಮಂದಿ ಅಧಿಕಾರಿಗಳೂ 176 ಮಂದಿ ನಾವಿಕರೂ ಅಂದು ಮಡಿದರು. 1989ರಲ್ಲಿ ಹೊಸ ಖುಕ್ರಿ ನೌಕೆ ಸೇವೆಗೆ ಬಂದಿತು. 2021ರಲ್ಲಿ ಅದು ನಿವೃತ್ತವಾಯಿತು. ಮುಲ್ಲಾ ಅವರ ಹೆಸರು ಆ ನೌಕೆಯ ಮೇಲೆ ಇರಲಿಲ್ಲ. ಆದರೆ ಖುಕ್ರಿ ಎಂದೊಡನೆ ಅವರ ನೆನಪಾಗದ ನಾವಿಕನಿಲ್ಲ.

ವ್ಯಕ್ತಿಗಳ ಹೆಸರನ್ನು ಹಡಗುಗಳಿಗೆ ಇಟ್ಟ ನಿದರ್ಶನಗಳೂ ಉಂಟು. ಉಳ್ಳಾಲದ ರಾಣಿ ಅಬ್ಬಕ್ಕ ಪೋರ್ಚುಗೀಸರನ್ನು ಎದುರಿಸಿದ ವೀರಮಹಿಳೆ. ಆಕೆಯ ಹೆಸರಿನ ಹಡಗು 2012ರಲ್ಲಿ ಭಾರತದ ಕರಾವಳಿ ರಕ್ಷಣಾ ಪಡೆಯನ್ನು ಸೇರಿತು. ಅದಕ್ಕೂ ಬಹಳ ಹಿಂದೆ, 1984ರ ಆಗಸ್ಟ್ 8ರಂದು, ಭಾರತೀಯ ಹಡಗು ನಿಗಮದ ವಶಕ್ಕೆ ಒಂದು ದೊಡ್ಡ ತೈಲವಾಹಕ ಹಡಗು ಬಂದಿತು. ಅದಕ್ಕೆ ‘ಲೆಫ್ಟಿನೆಂಟ್ ರಾಮ ರಾಘೋಬ ರಾಣೆ, ಪರಮವೀರ ಚಕ್ರ’ ಎಂದು ಹೆಸರಿಟ್ಟಿದ್ದರು. ಈ ಹೆಸರಿನ ವ್ಯಕ್ತಿ ನಮ್ಮ ಕರ್ನಾಟಕದ ಕಾರವಾರ ಸೀಮೆಯವರು.

ಕಾರವಾರದ ಹತ್ತಿರ ಚೆಂಡಿಯಾ ಎಂಬ ಹಳ್ಳಿಯಿದೆ. ಒಂದು ಕಡೆ ಸಹ್ಯಾದ್ರಿಯ ಹಸುರು, ಇನ್ನೊಂದು ಕಡೆ ಅರಬ್ಬಿ ಸಮುದ್ರದ ಮೊರೆತ. ರಾಣೆಯವರು 1918ರ ಜೂನ್ 26ರಂದು ಜನಿಸಿದರು. ಅವರ ತಂದೆ ಪೊಲೀಸ್ ಇಲಾಖೆಯಲ್ಲಿ ಸಾಮಾನ್ಯ ಪೇದೆಯಾಗಿದ್ದರು. ತಂದೆಗೆ ಮೇಲಿಂದ ಮೇಲೆ ವರ್ಗವಾಗುತ್ತಿದ್ದುದರಿಂದ ಹುಡುಗನ ವಿದ್ಯಾಭ್ಯಾಸ ಊರಿಂದೂರಿಗೆ ಅಲೆಯುತ್ತ ಸಾಗಿತು. 1940ರ ಜುಲೈ 10ರಂದು ರಾಣೆಯವರು ಸೈನ್ಯದ ಬಾಂಬೆ ಇಂಜಿನಿಯರ್ ಪಡೆಯಲ್ಲಿ ಸಾಮಾನ್ಯ ಸೈನಿಕರಾಗಿ ಸೇರಿದರು. ತರಬೇತಿಯಲ್ಲಿ ಅತ್ಯುತ್ತಮ ಶಿಕ್ಷಾರ್ಥಿಯೆಂಬ ಮನ್ನಣೆ ಅವರಿಗೆ ದೊರೆಯಿತು.

ಸೈನ್ಯದಲ್ಲಿ ಇಂಜಿನಿಯರುಗಳಿಗೆ ಏನು ಕೆಲಸವೆಂದು ನೀವು ಕೇಳಬಹುದು. ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರ ನಾಡಿನ ಮಕ್ಕಳಿಗೆ ಇಂಜಿನಿಯರ್ ಎಂದರೆ ಅಣೆಕಟ್ಟು, ಸೇತುವೆ, ಕಾಲುವೆಗಳು ನೆನಪಿಗೆ ಬರುವುದು ಸಹಜ. ಸೈನ್ಯದ ಇಂಜಿನಿಯರುಗಳೂ ಸೇತುವೆಯನ್ನು ಕಟ್ಟುತ್ತಾರೆ, ದಾರಿಯನ್ನು ಮಾಡುತ್ತಾರೆ. ಆದರೆ ಆ ಕೆಲಸವನ್ನು ಅವರು ಗುಂಡಿನ ಮಳೆಯಲ್ಲಿ ನಿಂತು ಮಾಡಬೇಕು. ಶತ್ರುಗಳು ನೆಲದಲ್ಲಿ ಹುಗಿದ ನೆಲಬಾಂಬುಗಳನ್ನು ಹುಡುಕಿ, ಅವು ಸಿಡಿಯದಂತೆ ಹೊರತೆಗೆಯುವುದು ಅವರ ಹೊಣೆ. ಸೈನ್ಯ ಮುಂದೆ ಹೋಗುವಾಗ ಅದಕ್ಕಿಂತಲೂ ಮುಂದೆ ಹೋಗುವವರು ಇವರು. ಹಿಂದೆ ಸರಿಯುವಾಗ ಎಲ್ಲರಿಗಿಂತ ಕೊನೆಗೆ ಹೊರಡುವವರೂ ಇವರೇ.

ಎರಡನೆಯ ಮಹಾಯುದ್ಧದಲ್ಲಿ ರಾಣೆಯವರ ತುಕಡಿ ಬರ್ಮಾ ದೇಶದಲ್ಲಿತ್ತು. ಅರಕಾನ್ ಪ್ರದೇಶದಿಂದ ಸೈನ್ಯ ಹಿಂದೆ ಸರಿಯಬೇಕಾಗಿ ಬಂದಾಗ, ಬುತಿಡಾಂಗ್ ಎಂಬಲ್ಲಿ ಉಳಿದ ಸಾಮಗ್ರಿಗಳು ಜಪಾನೀಯರ ಕೈಸೇರದಂತೆ ನಾಶಪಡಿಸಲು ಕೆಲವರನ್ನು ಹಿಂದೆ ಬಿಡಲಾಯಿತು. ರಾಣೆ ಅವರಲ್ಲೊಬ್ಬರು. ಕೆಲಸ ಮುಗಿದ ಮೇಲೆ ನೌಕಾಪಡೆಯ ಹಡಗು ಬಂದು ಅವರನ್ನು ಕರೆದುಕೊಂಡು ಹೋಗಬೇಕೆಂದು ಗೊತ್ತುಮಾಡಲಾಗಿತ್ತು. ಆದರೆ ಆ ಏರ್ಪಾಡು ನೆರವೇರಲಿಲ್ಲ. ಶತ್ರುಗಳು ಕಾವಲು ತಿರುಗುತ್ತಿದ್ದ ನದಿಯನ್ನು ಅವರೇ ಉಪಾಯದಿಂದ ದಾಟಿ ತಮ್ಮ ಸೈನ್ಯವನ್ನು ಮತ್ತೆ ಸೇರಿಕೊಂಡರು. ಅಂದು ಹಡಗಿಗಾಗಿ ಕಾದ ಯುವಕನ ಹೆಸರನ್ನೇ ಮುಂದೆ ಒಂದು ಹಡಗು ಹೊತ್ತು ನಡೆಯಿತೆಂಬುದನ್ನು ನೆನೆದಾಗ ವಿಸ್ಮಯವಾಗುತ್ತದೆ.

ಸ್ವಾತಂತ್ರ್ಯ ಬಂದ ವರ್ಷ, 1947ರ ಡಿಸೆಂಬರ್ 15ರಂದು, ರಾಣೆಯವರಿಗೆ ಅಧಿಕಾರಿಯ ಪದವಿ ದೊರೆಯಿತು. ಆ ವೇಳೆಗಾಗಲೇ ಜಮ್ಮು ಕಾಶ್ಮೀರದಲ್ಲಿ ಯುದ್ಧ ಆರಂಭವಾಗಿತ್ತು. ರಜೌರಿ ಪಟ್ಟಣ ಶತ್ರುಗಳ ವಶದಲ್ಲಿತ್ತು. ನೌಶೇರಾದಿಂದ ರಜೌರಿಗೆ ಹೋಗುವ ಬೆಟ್ಟದ ದಾರಿಯಲ್ಲಿ ಶತ್ರುಗಳು ನೆಲಬಾಂಬುಗಳನ್ನು ಹುಗಿದು, ದೇವದಾರು ಜಾತಿಯ ದೊಡ್ಡ ಮರಗಳನ್ನು ಕಡಿದು ಅಡ್ಡ ಕೆಡವಿ, ಮೋರಿಗಳನ್ನು ಒಡೆದುಹಾಕಿದ್ದರು. ದಾರಿ ತೆರವಾಗದೆ ಟ್ಯಾಂಕುಗಳು ಒಂದು ಮಾರು ಸಹ ಮುಂದೆ ಹೋಗುವಂತಿರಲಿಲ್ಲ. ದಾರಿ ಬಿಡಿಸುವ ಹೊಣೆ 29 ವರ್ಷದ ರಾಣೆಯವರ ಮೇಲೆ ಬಿದ್ದಿತು.

1948ರ ಏಪ್ರಿಲ್ 8ರಂದು ಕೆಲಸ ಆರಂಭಿಸುವ ಮೊದಲೇ ಶತ್ರುಗಳ ಫಿರಂಗಿಯ ಗುಂಡುಗಳು ಅವರ ತಂಡದ ಮೇಲೆ ಬಿದ್ದವು. ಇಬ್ಬರು ಮಡಿದರು, ಐವರು ಗಾಯಗೊಂಡರು. ಗಾಯಗೊಂಡವರಲ್ಲಿ ರಾಣೆಯವರೂ ಒಬ್ಬರು. ಅವರು ಹಿಂದಿರುಗಲಿಲ್ಲ. ಉಳಿದವರನ್ನು ಮತ್ತೆ ಒಟ್ಟುಗೂಡಿಸಿ ಕೆಲಸಕ್ಕೆ ತೊಡಗಿದರು. ಶತ್ರುಗಳ ಕಣ್ಣೆದುರಿನಲ್ಲೇ ರಾತ್ರಿ 10 ಗಂಟೆಯವರೆಗೆ ದುಡಿದರು. ಮರುದಿನ ಬೆಳಗ್ಗೆ 6 ಗಂಟೆಗೆ ಮತ್ತೆ ಆರಂಭ. ಮಧ್ಯಾಹ್ನ 3 ಗಂಟೆಯ ಹೊತ್ತಿಗೆ ಟ್ಯಾಂಕುಗಳಿಗೆ ಬಳಸುದಾರಿ ಸಿದ್ಧವಾಯಿತು. ಮುಂದೆ ಅರ್ಧ ಮೈಲಿ ಹೋಗುವಷ್ಟರಲ್ಲಿ ಅಡ್ಡಬಿದ್ದ ಮರಗಳು, ಅವನ್ನು ಸಿಡಿಸಿದರು. ಇನ್ನೂ 300 ಗಜ ಹೋದರೆ ಮತ್ತೆ ಮರಗಳು, ಅವನ್ನೂ ಸಿಡಿಸಿದರು. ಹಾವಿನಂತೆ ಬೆಟ್ಟವನ್ನು ಸುತ್ತಿದ ದಾರಿಯಲ್ಲಿ ಒಡೆದ ಮೋರಿ ಎದುರಾಯಿತು. ಗುಂಡುಗಳು ಹಾರುತ್ತಿದ್ದಂತೆಯೇ ಅದಕ್ಕೂ ಬಳಸುದಾರಿ ಮಾಡಿದರು.

ಏಪ್ರಿಲ್ 10ರಂದು ನಸುಕಿನ 4 ಗಂಟೆ 45 ನಿಮಿಷಕ್ಕೇ ಅವರು ಎದ್ದು ಕೆಲಸದಲ್ಲಿದ್ದರು. ನೆಲಬಾಂಬುಗಳ ನಡುವೆ ಬಿದ್ದಿದ್ದ ಐದು ಭಾರಿ ಮರಗಳ ತಡೆಯನ್ನು ಆರೂವರೆಗೆ ತೆರವುಮಾಡಿದರು. ಅದರ ಮುಂದಿನ 1,000 ಗಜಗಳ ದಾರಿಯೂ ತಡೆಗಳಿಂದ ತುಂಬಿತ್ತು. ಹತ್ತೂವರೆಗೆ ಅದೂ ತೆರವಾಯಿತು. ಟ್ಯಾಂಕುಗಳು ತಾವಿ ನದಿಯ ಪಾತ್ರಕ್ಕೆ ಇಳಿದು ಮಧ್ಯಾಹ್ನ 2 ಗಂಟೆಗೆ ಚಿಂಗಸ್ ಎಂಬ ಊರನ್ನು ಮುಟ್ಟಿದವು. ಅಲ್ಲಿಗೆ ರಾಣೆಯವರ ಕೆಲಸ ಮುಗಿಯಿತೆಂದು ಯಾರಾದರೂ ಭಾವಿಸಬಹುದಿತ್ತು. ಆದರೆ ಹಿಂದೆ ಆಹಾರ, ಔಷಧ, ಮದ್ದುಗುಂಡುಗಳನ್ನು ಹೊತ್ತ ವಾಹನಗಳು ಬರಬೇಕಾಗಿತ್ತು. ಅವುಗಳಿಗಾಗಿ ಅವರು ಅನ್ನ, ವಿಶ್ರಾಂತಿಗಳಿಲ್ಲದೆ ರಾತ್ರಿ 9 ಗಂಟೆಯವರೆಗೂ ರಸ್ತೆಯನ್ನು ಬಿಡಿಸಿದರು. ಏಪ್ರಿಲ್ 11ರಂದು ಬೆಳಗ್ಗೆ 11 ಗಂಟೆಗೆ ಚಿಂಗಸ್‌ವರೆಗಿನ ಮಾರ್ಗ ಪೂರ್ಣವಾಗಿ ತೆರೆಯಿತು. ಆ ರಾತ್ರಿಯೂ 10 ಗಂಟೆಯವರೆಗೆ ಮುಂದಿನ ದಾರಿಯ ಕೆಲಸ ನಡೆಯಿತು. ಮರುದಿನ, ಏಪ್ರಿಲ್ 12ರಂದು, ಭಾರತದ ಸೈನ್ಯ ರಜೌರಿಯನ್ನು ಪ್ರವೇಶಿಸಿತು.

ಈ ನಾಲ್ಕು ದಿನಗಳ ಕಥೆಯನ್ನು ಓದಿದಾಗಲೆಲ್ಲ ನನಗೆ ಒಂದು ಅಂಶ ಎದ್ದು ಕಾಣುತ್ತದೆ. ಶೌರ್ಯವೆಂದರೆ ಶತ್ರುವನ್ನು ಕೊಲ್ಲುವುದೆಂದೇ ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ವೀರಗಲ್ಲಿನ ಯೋಧನ ಕೈಯಲ್ಲಿಯೂ ಬಿಲ್ಲು ಕತ್ತಿಗಳಿರುತ್ತವೆ. ರಾಣೆಯವರಿಗೆ ದೇಶದ ಅತ್ಯುಚ್ಚ ಶೌರ್ಯ ಪದಕವನ್ನು ತಂದುಕೊಟ್ಟ ಕಾರ್ಯದಲ್ಲಿ ಎಷ್ಟು ಮಂದಿ ಶತ್ರುಗಳನ್ನು ಕೊಂದರೆಂಬ ಲೆಕ್ಕವೇ ಇಲ್ಲ. ಎಷ್ಟು ಗಂಟೆಗೆ ಎದ್ದರು, ಎಷ್ಟು ಗಂಟೆಗೆ ನಿಲ್ಲಿಸಿದರು, ಎಷ್ಟು ಗಜ ದಾರಿಯನ್ನು ಬಿಡಿಸಿದರು ಎಂಬುದೇ ಅಲ್ಲಿಯ ಲೆಕ್ಕ. ಶಿಡ್ಲಘಟ್ಟದಲ್ಲಿ ನಸುಕಿನಲ್ಲೆದ್ದು ಬಿಸಿನೀರಿನ ಹಬೆಯ ನಡುವೆ ಕುಳಿತು ರೇಷ್ಮೆಯ ನೂಲನ್ನು ಬಿಚ್ಚುವವರ ದಿನಚರಿಯಂತೆ, ಹೊಲದಲ್ಲಿ ಕಲ್ಲು ಆಯುವ ಒಕ್ಕಲಿಗನ ದಿನಚರಿಯಂತೆ ಅದು ತೋರುತ್ತದೆ. ಆ ಬಗೆಯ ದುಡಿಮೆಯನ್ನೇ ಸಾವಿನ ಬಾಯಲ್ಲಿ ನಿಂತು ಮಾಡಿದ್ದು ಅವರ ಹಿರಿಮೆ. ಅವರು ಬಿಡಿಸಿದ ದಾರಿಯಲ್ಲಿ ಇತರರು ಸುರಕ್ಷಿತವಾಗಿ ನಡೆದರು.

ಪರಮವೀರ ಚಕ್ರವನ್ನು 1950ರ ಜನವರಿ 26ರಂದು ಸ್ಥಾಪಿಸಿ, 1947ರ ಆಗಸ್ಟ್ 15ರಿಂದ ಅನ್ವಯವಾಗುವಂತೆ ಮಾಡಲಾಯಿತು. 1947-48ರ ಯುದ್ಧಕ್ಕಾಗಿ ಅದನ್ನು ಐವರಿಗೆ ನೀಡಿದರು. ಆ ಐವರಲ್ಲಿ ಪದಕವನ್ನು ಸ್ವತಃ ಕಣ್ಣಾರೆ ಕಂಡವರು ಇಬ್ಬರೇ. ಒಬ್ಬರು ಕರಮ್ ಸಿಂಗ್, ಇನ್ನೊಬ್ಬರು ರಾಮ ರಾಘೋಬ ರಾಣೆ. ಮುಂದೆ ಮೇಜರ್ ಪದವಿಗೇರಿ ನಿವೃತ್ತರಾದ ರಾಣೆಯವರು 1994ರ ಜುಲೈ 11ರಂದು ಪುಣೆಯಲ್ಲಿ ತಮ್ಮ 76ನೆಯ ವಯಸ್ಸಿನಲ್ಲಿ ನಿಧನರಾದರು. ತಮ್ಮ ಹೆಸರಿನ ಹಡಗು ಸಮುದ್ರದಲ್ಲಿ ಓಡಾಡುತ್ತಿದ್ದ ಹತ್ತು ವರ್ಷಗಳ ಕಾಲ ಅವರೂ ಜೀವಿಸಿದ್ದರು. ಬದುಕಿರುವಾಗಲೇ ತನ್ನ ವೀರಗಲ್ಲನ್ನು ಕಾಣುವ ಭಾಗ್ಯ ಎಷ್ಟು ಮಂದಿಗೆ ಒದಗುತ್ತದೆ?

ಉಪಾಧ್ಯಾಯನಾಗಿದ್ದಾಗ ಒಮ್ಮೆ ನಾನು ವಿದ್ಯಾರ್ಥಿಗಳೊಡನೆ ಕಾರವಾರಕ್ಕೆ ಪ್ರವಾಸ ಹೋಗಿದ್ದೆ. ಅಲ್ಲಿಯ ರವೀಂದ್ರನಾಥ ಠಾಗೋರ್ ಕಡಲತೀರದಲ್ಲಿ ‘ಚಪಲ್’ ಎಂಬ ಯುದ್ಧನೌಕೆಯನ್ನು ದಡಕ್ಕೆ ತಂದು ನಿಲ್ಲಿಸಿದ್ದಾರೆ. ಕ್ಷಿಪಣಿಗಳನ್ನು ಹಾರಿಸುತ್ತಿದ್ದ ಈ ನೌಕೆ 2005ರಲ್ಲಿ ನಿವೃತ್ತಿ ಹೊಂದಿ, 2006ರಲ್ಲಿ ವಸ್ತುಸಂಗ್ರಹಾಲಯವಾಯಿತು. ಅದರ ಸಮೀಪದಲ್ಲಿ ಅದೇ ವರ್ಷ ಸ್ಥಾಪಿಸಿದ ರಾಣೆಯವರ ಪ್ರತಿಮೆಯಿದೆ. ಮೊದಲ ಬಾರಿಗೆ ಕಡಲನ್ನು ಕಂಡ ಮಕ್ಕಳ ಆನಂದಕ್ಕೆ ಪಾರವಿರಲಿಲ್ಲ. ಅವರನ್ನು ಪ್ರತಿಮೆಯ ಮುಂದೆ ನಿಲ್ಲಿಸಿ ಈ ಕಥೆಯನ್ನು ಹೇಳಿದೆ. ಆಗ ಚಿಂತಾಮಣಿಯ ಕಡೆಯ ಒಬ್ಬ ಹುಡುಗ, “ಇವರು ಬೆಟ್ಟದಲ್ಲಿ ಕಾದಿದವರಲ್ಲವೇ ಸಾರ್? ಇವರ ಹೆಸರನ್ನು ಎಣ್ಣೆಯ ಹಡಗಿಗೆ ಏಕೆ ಇಟ್ಟರು?” ಎಂದು ಕೇಳಿದ.

ಪ್ರಶ್ನೆ ಯೋಗ್ಯವಾದದ್ದೇ. 1984ರ ವೇಳೆಗೆ ಪರಮವೀರ ಚಕ್ರ ಪಡೆದಿದ್ದವರು 15 ಮಂದಿ. ಅವರಲ್ಲಿ ನೌಕಾಪಡೆಗೆ ಸೇರಿದವರು ಒಬ್ಬರೂ ಇರಲಿಲ್ಲ. ಒಬ್ಬರು ವಾಯುಪಡೆಯವರು, ಮಿಕ್ಕವರೆಲ್ಲ ಭೂಸೈನ್ಯದವರು. ಆ 15 ಮಂದಿಯ ಹೆಸರನ್ನೂ ಹಡಗು ನಿಗಮವು ತನ್ನ 15 ತೈಲವಾಹಕ ಹಡಗುಗಳಿಗೆ ಇಟ್ಟಿತು. ಆ ಹಡಗುಗಳ ಮೇಲೆ ಫಿರಂಗಿಗಳಿರಲಿಲ್ಲ. ಕಚ್ಚಾತೈಲವನ್ನು ತುಂಬಿಕೊಂಡು ಬಂದು ಶುದ್ಧೀಕರಣ ಕೇಂದ್ರಗಳಿಗೆ ಒಪ್ಪಿಸುವುದು ಅವುಗಳ ಕಾಯಕ. ಅದರಿಂದ ಸೀಮೆಎಣ್ಣೆ, ಡೀಸೆಲ್ ಮುಂತಾದವು ದೊರೆಯುತ್ತಿದ್ದವು. ನಮ್ಮ ಹಳ್ಳಿಗಳ ಎಷ್ಟೋ ಮನೆಗಳಲ್ಲಿ ಅಂದು ಮಕ್ಕಳು ಓದುತ್ತಿದ್ದುದು ಸೀಮೆಎಣ್ಣೆಯ ಬುಡ್ಡಿಯ ಬೆಳಕಿನಲ್ಲಿ. ಚಿಂತಾಮಣಿಯ ತರಕಾರಿ ಪಟ್ಟಣಕ್ಕೆ ಹೋಗುತ್ತಿದ್ದುದು ಡೀಸೆಲ್ ಲಾರಿಗಳಲ್ಲಿ. “ನಿನ್ನ ಅಪ್ಪ ಓದಿದ ದೀಪದ ಎಣ್ಣೆಯಲ್ಲಿ ಒಂದು ತೊಟ್ಟಾದರೂ ಆ ಹಡಗು ತಂದದ್ದಿರಬಹುದಲ್ಲವೇ?” ಎಂದು ನಾನು ಆ ಹುಡುಗನಿಗೆ ಹೇಳಿದೆ. ಹಿಂದೆ ಬರುವವರಿಗಾಗಿ ದಾರಿ ಬಿಡಿಸಿದವರ ಹೆಸರು ಜನರಿಗಾಗಿ ಭಾರ ಹೊರುವ ಹಡಗಿಗೆ ಬಂದದ್ದು ನನಗಂತೂ ಬಹಳ ಉಚಿತವೆಂದು ತೋರಿತು.

ಆ ಹಡಗು ಈಗ ಇಲ್ಲ. ಕಬ್ಬಿಣಕ್ಕೂ ವಯಸ್ಸಾಗುತ್ತದೆ. ಸುಮಾರು 25 ವರ್ಷಗಳ ಸೇವೆಯ ಅನಂತರ ಆ ಹಡಗುಗಳನ್ನೆಲ್ಲ ಬಳಕೆಯಿಂದ ತೆಗೆದರು. 2023ರ ಜನವರಿ 23ರಂದು ಅಂಡಮಾನ್ ಸಮೂಹದ 21 ದ್ವೀಪಗಳಿಗೆ 21 ಮಂದಿ ಪರಮವೀರರ ಹೆಸರನ್ನಿಟ್ಟರು. ರಾಣೆಯವರ ಹೆಸರಿನ ದ್ವೀಪವೂ ಅವುಗಳಲ್ಲಿ ಒಂದು. ಹಡಗಿನಿಂದ ಇಳಿದ ಹೆಸರು ನೆಲವನ್ನು ಸೇರಿತೆನ್ನಬಹುದು.

ಆದರೂ ಹೆಸರನ್ನು ಉಳಿಸುವ ಶಕ್ತಿ ಕಬ್ಬಿಣಕ್ಕಾಗಲಿ ಕಲ್ಲಿಗಾಗಲಿ ತಾನಾಗಿ ಇಲ್ಲ. ನನ್ನ ಬಾಲ್ಯದ ಹಳ್ಳಿಯಲ್ಲಿ ಒಂದು ವೀರಗಲ್ಲಿತ್ತು. ಹಬ್ಬದ ದಿನ ಹೆಂಗಸರು ಅದಕ್ಕೆ ಎಣ್ಣೆ ಹಚ್ಚಿ, ಅರಿಸಿನ ಕುಂಕುಮಗಳನ್ನಿಟ್ಟು ಕೈಮುಗಿಯುತ್ತಿದ್ದರು. ಆ ಯೋಧ ಯಾರು, ಯಾರಿಗಾಗಿ ಸತ್ತ ಎಂದು ಕೇಳಿದರೆ ಹೇಳಬಲ್ಲವರು ಊರಿನಲ್ಲಿ ಒಬ್ಬರೂ ಇರಲಿಲ್ಲ. ಕಲ್ಲಿನ ಅಂಚಿನಲ್ಲಿ ಅಕ್ಷರಗಳಿದ್ದವು, ಅವನ್ನು ಓದುವವರಿರಲಿಲ್ಲ. ಪೂಜೆ ನಡೆದಿತ್ತು, ಹೆಸರು ಮಾತ್ರ ಅಳಿದುಹೋಗಿತ್ತು. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹದ ಸಮಯದಲ್ಲಿ ಗುಂಡಿಗೆ ಎದೆಯೊಡ್ಡಿ ಮಡಿದವರ ಸ್ಮಾರಕವಿದೆ. ಅಲ್ಲಿಗೆ ಹೋದವರು ತೋಟದಲ್ಲಿ ತಿರುಗಾಡಿ ಬರುವುದುಂಟು. ಅಲ್ಲಿಯ ಹೆಸರುಗಳನ್ನು ನಿಂತು ಓದಿ ಬರುವವರು ಕಡಮೆ.

ಆದುದರಿಂದ ಮುಂದೆ ನೀವು ಇಂಥ ಕಲ್ಲಿನ ಬಳಿ, ಪ್ರತಿಮೆಯ ಬಳಿ ಅಥವಾ ಹಡಗಿನ ಬಳಿ ಹೋದಾಗ ಒಂದು ಗಳಿಗೆ ನಿಲ್ಲಿರಿ. ಅಲ್ಲಿರುವ ಹೆಸರನ್ನು ಬಾಯಿಬಿಟ್ಟು ಓದಿರಿ. ಆ ವ್ಯಕ್ತಿ ಏನು ಮಾಡಿದರೆಂದು ತಿಳಿದವರನ್ನು ಕೇಳಿ ಅರಿತು, ಮನೆಗೆ ಬಂದು ತಮ್ಮ ತಂಗಿಯರಿಗೆ ಹೇಳಿರಿ.